ಹಿತ್ತಲ ಗೇಟು ಮತ್ತು ಬೋಳುಕತ್ತಿನ ಕೋಳಿ

ಅರಸೀಕೆರೆಯ ರೈಲು ನಿಲ್ದಾಣದ ಹಿಂಬದಿಯಲ್ಲಿ, ಅಕ್ಕಪಕ್ಕದ ಎರಡು ಬೀದಿಗಳಲ್ಲಿ, ಕೋಳಿಗಳಿರುವ ಮನೆಗಳು ಹನ್ನೆರಡು. ಯಾವ ಮನೆಯಲ್ಲಿಯೂ ಮೂರಕ್ಕಿಂತ ಹೆಚ್ಚಿಲ್ಲ. ಎಲ್ಲವೂ ಕತ್ತಿನ ಮೇಲೆ ಪುಕ್ಕವಿಲ್ಲದ ಬೋಳುಕತ್ತಿನ ತಳಿ. ಯಾರ ಕೋಳಿ ಎಂದು ಕೇಳಿದರೆ ಹನ್ನೊಂದು ಮನೆಯವರ ಉತ್ತರವೂ ಒಂದೇ: ಗಿಡ್ಡಮ್ಮನದು. ಹನ್ನೆರಡನೆಯದು ಗಿಡ್ಡಮ್ಮನ ಸ್ವಂತ ಮನೆ. ಒಬ್ಬರ ಕೋಳಿಗಳು ಇಷ್ಟು ಮನೆಗಳಲ್ಲಿ ಹಂಚಿಹೋಗಿರುವುದೇಕೆ? ಇದನ್ನು ತಿಳಿಯಲು ನನಗೆ ಐದು ಭೇಟಿಗಳು ಬೇಕಾದವು. ಪ್ರತಿ ಸಲವೂ ಗಿಡ್ಡಮ್ಮ ತಮ್ಮ ಮದುವೆಯಿಂದಲೇ ಆರಂಭಿಸುತ್ತಿದ್ದರು.

ಆಕೆ ಕಣಕಟ್ಟೆ ಕಡೆಯವರು. ಮದುವೆಯಾಗಿ ಹೊರಟಾಗ ತಾಯಿ ಬಿದಿರ ಮಂಕರಿಯಲ್ಲಿ ಎರಡು ಹೇಂಟೆ, ಒಂದು ಹುಂಜ ಹಾಕಿ ಕಳಿಸಿದ್ದರು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡರು, ಮಗ ಉಮಾಶಂಕರ್ ಹೈಸ್ಕೂಲ್ ಮೇಷ್ಟ್ರಾದರು, ಹೆಂಚಿನ ಮನೆ ತಾರಸಿಯಾಯಿತು. ತಾಯಿ ಕೊಟ್ಟ ಕೋಳಿಯ ಸಂತತಿ ಮಾತ್ರ ಕಡಿಯಲಿಲ್ಲ. ಬೀದಿಯ ಬಾಣಂತಿಯರಿಗೆ ಮೊಟ್ಟೆ ಹೋಗುತ್ತಿದ್ದುದು ಆ ಗೂಡಿನಿಂದಲೇ.

"ನಮ್ಮವ್ವಂಗೆ ಹುಂಜ ಹಿರಿಮಗ, ನಾನು ಎರಡನೆಯವನು" ಎಂದರು ಉಮಾಶಂಕರ್.

ಗಿಡ್ಡಮ್ಮನ ಮನೆಯ ಹಿಂದೆ ಒಂದು ಸಂದಿ. ಸಂದಿಯ ಆಚೆ ಕನಕಲಕ್ಷ್ಮಿಯವರ ಹಿತ್ತಲಿನ ತಗಡಿನ ಗೇಟು. ಅವರದು ದೇವಸ್ಥಾನದ ಸೇವೆಯ ಮನೆತನ, ಮೊಟ್ಟೆ ಮುಟ್ಟದ ಮನೆ. ಮೂರು ವರ್ಷದ ಹಿಂದೆ, ಹಿತ್ತಲಿನ ತೆಂಗಿನ ಸೋಗೆ ರಾಶಿಯಲ್ಲಿ ಚೇಳು ಸೇರಿಕೊಂಡು ಅವರ ಯಜಮಾನರನ್ನು ಎರಡು ಸಲ ಕುಟುಕಿತು.

"ಒಂದು ಕೋಳಿ ಬಿಡ್ತೀನಿ ಅಮ್ಮಾರೆ, ಒಂದು ಚೇಳೂ ಉಳಿಯಾಕಿಲ್ಲ" ಎಂದರು ಗಿಡ್ಡಮ್ಮ.

"ಅದನ್ನ ಮುಟ್ಟೋರು ಯಾರು?"

"ಮುಟ್ಟೋದ್ಯಾಕೆ? ಅದೇನು ನಿಮ್ಮ ತೊಡೆ ಮೇಲೆ ಕೂತ್ಕೊಂತೀನಿ ಅಂತೈತಾ?"

ಗಿಡ್ಡಮ್ಮ ಗೇಟಿನ ಹೊರಗೇ ನಿಂತು, ಮಂಕರಿಯ ಬಾಯಿಯನ್ನು ಒಳಕ್ಕೆ ತಿರುಗಿಸಿ ಹೇಂಟೆಯನ್ನು ಬಿಟ್ಟರು. ಇಪ್ಪತ್ತೆರಡು ವರ್ಷಗಳ ನೆರೆಯಲ್ಲಿ ಅವರು ಆ ಗೇಟು ದಾಟಿದ್ದಿಲ್ಲ. "ಯಾರೂ ಬ್ಯಾಡ ಅಂದಿರ್ಲಿಲ್ಲ. ಬಾ ಅಂತಾನೂ ಅಂದಿರ್ಲಿಲ್ಲ."

ತಪ್ಪು ನಡೆದದ್ದು ಅದಾದ ಹತ್ತು ದಿನಕ್ಕೆ, ಗಿಡ್ಡಮ್ಮನ ಕೈಯಿಂದಲೇ. ಸಂತೆಯಿಂದ ತಂದ ಮೂರು ಕೋಳಿಗಳನ್ನು ಬೇರೆ ಇಡದೆ ಅಂದೇ ಗೂಡಿಗೆ ಸೇರಿಸಿದರು. ಅವುಗಳೊಂದಿಗೆ ಕೊಕ್ಕರೆ ರೋಗವೂ ಒಳಗೆ ಬಂತು. ಕತ್ತು ತಿರುಚಿಕೊಂಡು, ವಾರದೊಳಗೆ ಗೂಡಿನಲ್ಲಿದ್ದ ಹದಿನೆಂಟೂ ಸತ್ತವು. ತಾಯಿ ಕೊಟ್ಟ ಕೋಳಿಯ ಸಂತತಿಯಲ್ಲಿ ಉಳಿದದ್ದು ಚೇಳು ಹಿಡಿಯಲು ಹೋದದ್ದೊಂದೇ.

ಗಿಡ್ಡಮ್ಮ ಸಂದಿಯ ಈಚೆಯಿಂದಲೇ ಕೂಗಿ ಹೇಳಿದರು: "ಗೇಟು ತೆಗೀಬ್ಯಾಡಿ ಅಮ್ಮಾರೆ. ನಮ್ಮ ಕಾಲಲ್ಲೂ ರೋಗ ಬತ್ತೈತೆ. ನನ್ನೂ ಒಳೀಕೆ ಬಿಡಬ್ಯಾಡಿ."

"ನಿನ್ನನ್ನ ಯಾವತ್ತು ಬಿಟ್ಟಿದ್ದೆ, ಗಿಡ್ಡಮ್ಮ?"

ಈ ಮಾತನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದರು. ಗಿಡ್ಡಮ್ಮ ನಗುತ್ತ ಹೇಳಿದರು. ಕನಕಲಕ್ಷ್ಮಿಯವರು ನಗಲಿಲ್ಲ.

ಎರಡು ದಿನದ ಮೇಲೆ ಕನಕಲಕ್ಷ್ಮಿಯವರೇ ಗೋಡೆಯ ಬಳಿ ಬಂದರು. "ನಿನ್ನ ಕೋಳಿಗೂ ಬಂತೇನೋ. ಸೋಗೆ ಬಿಟ್ಟು ಏಳ್ತಾನೇ ಇಲ್ಲ."

"ಕತ್ತು ನೆಟ್ಟಗೈತಾ?"

"ನೆಟ್ಟಗಿದೆ. ಹತ್ತಿರ ಹೋದ್ರೆ ಉಬ್ಬಿಕೊಂಡು ಗುರ್ ಅನ್ನುತ್ತೆ."

"ಅದು ಇಕ್ಕಿದ ಮೊಟ್ಟೆ ಏನ್ ಮಾಡಿದ್ರಿ?"

"ಏನ್ ಮಾಡ್ಲಿ? ತಿನ್ನೋರಿಲ್ಲ, ಮುಟ್ಟೋರಿಲ್ಲ. ಇಟ್ಟಲ್ಲೇ ಇವೆ."

"ರೋಗ ಅಲ್ಲ ಅಮ್ಮಾರೆ. ಕಾವಿಗೆ ಕೂತೈತೆ."

ಬೀದಿಯ ಬೇರೆ ಯಾವ ಮನೆಯಲ್ಲಾದರೂ ಆ ಮೊಟ್ಟೆಗಳು ಅಂದಂದೇ ಬಾಣಲೆಗೆ ಹೋಗುತ್ತಿದ್ದವು. ಹುಂಜನಿಂದ ದೂರವಾದ ಮೇಲೂ ಹತ್ತು ದಿನ ಇಡುವ ಮೊಟ್ಟೆಯಲ್ಲಿ ಜೀವವಿರುತ್ತದೆ ಎಂಬುದು ಗಿಡ್ಡಮ್ಮನ ಲೆಕ್ಕ. ಮರಿಯಾಗಬೇಕಾದರೆ ಆ ಲೆಕ್ಕ ನಿಜವಾಗಬೇಕಿತ್ತು. ರೋಗವೂ ಸಂದಿ ದಾಟಬಾರದಿತ್ತು. ಇಪ್ಪತ್ತೊಂದು ದಿನ ಗಿಡ್ಡಮ್ಮ ಈಚೆಯಿಂದ ಹೇಳಿದಂತೆ ಕನಕಲಕ್ಷ್ಮಿಯವರು ಆಚೆ ನುಚ್ಚು, ನೀರು ಇಟ್ಟರು.

ಮೊಟ್ಟೆಯೊಡೆದು ಬಂದ ಮರಿಗಳು ಎಂಟು ಎನ್ನುತ್ತಾರೆ ಗಿಡ್ಡಮ್ಮ. ಕನಕಲಕ್ಷ್ಮಿಯವರು ಒಂಬತ್ತು ಎನ್ನುತ್ತಾರೆ. ಎರಡು ಸಲ ಕೇಳಿದ ಮೇಲೆ ಕಾರಣ ಹೇಳಿದರು. ಅವರು ಒಗೆಯುವ ಕಲ್ಲಿನ ಬಳಿ ನಿಂತಿದ್ದಾಗಲೇ ಒಂದನ್ನು ಕಾಗೆ ಎತ್ತಿಕೊಂಡು ಹೋಗಿತ್ತು. ಗಿಡ್ಡಮ್ಮನಿಗೆ ಎಂಟೆಂದೇ ಹೇಳಿಬಿಟ್ಟರು. ಈಗ ಬರೆಯಬಹುದು ಎಂದು ಒಪ್ಪಿಗೆ ಕೊಟ್ಟಿದ್ದಾರೆ.

ರೋಗದ ಭಯ ಕಳೆದ ಮೇಲೆ, ಒಂದು ಬೆಳಿಗ್ಗೆ ಕನಕಲಕ್ಷ್ಮಿಯವರು ಕರೆದರು. "ಬಂದು ಹಿಡ್ಕೊಂಡು ಹೋಗು. ನಾನಂತೂ ಮುಟ್ಟಲ್ಲ."

"ಎಲ್ಲಿಗೆ ಬರ್ಲಿ?"

"ಮರಿ ಇರೋದು ಹಿತ್ತಲಲ್ಲಿ. ಇನ್ನೆಲ್ಲಿಗೆ ಬರ್ತೀಯ?"

ಗಿಡ್ಡಮ್ಮ ಗೇಟು ದಾಟಿದರು. ಸೋಗೆಯ ಸುತ್ತ ಓಡಾಡಿ ನಾಲ್ಕು ಮರಿ ಹಿಡಿದು ಮಂಕರಿ ಮುಚ್ಚಿದರು. ಸಾಕಿದವರಿಗೆ ಅರ್ಧ ಎಂಬುದು ಕಣಕಟ್ಟೆ ಕಡೆಯ ಪಾಲಿನ ಪದ್ಧತಿ.

"ಮಿಕ್ಕ ನಾಕು ನಿಮ್ಮ ಪಾಲು ಅಮ್ಮಾರೆ."

"ನನಗ್ಯಾಕೆ? ನನ್ನ ಪಾಲನ್ನ ಬೀದಿಯೋರಿಗೆ ಕೊಡು. ಎಲ್ಲಾನೂ ಒಂದೇ ಗೂಡಿಗೆ ತುಂಬಿ ಮತ್ತೆ ಸಾಯಿಸಬೇಡ."

ಮೊದಲು ನಾಲ್ಕು ಮನೆ. ಅವುಗಳ ಮರಿಗಳು, ಅದೇ ಪಾಲಿನ ಮೇಲೆ, ಇನ್ನೂ ಆರು ಮನೆಗೆ. ಗಿಡ್ಡಮ್ಮನ ಗೂಡಿನಲ್ಲೂ ಈಗ ಮೂರೇ ಇವೆ.

ಹನ್ನೊಂದನೆಯ ಮನೆ ಕನಕಲಕ್ಷ್ಮಿಯವರದು. ಆ ಹಳೆಯ ಹೇಂಟೆ ಇನ್ನೂ ಅಲ್ಲೇ ಇದೆ. ಅದು ಯಾರದೆಂದು ಅವರನ್ನೂ ಕೇಳಿದೆ.

"ಗಿಡ್ಡಮ್ಮನದು. ನಮ್ಮ ಹಿತ್ತಲಲ್ಲಿರುತ್ತೆ, ಅಷ್ಟೆ. ದಿನಾ ಬೆಳಿಗ್ಗೆ ಒಳಗೆ ಬಂದು ಮೊಟ್ಟೆ ತಗೊಂಡು ಹೋಗ್ತಾಳೆ. ನಾನು ಮುಟ್ಟಲ್ಲ."