ಕೆಟ್ಟ ಗಂಡನಿಗೊಂದು ಪ್ರಶ್ನೆ

ಮೊನ್ನೆ ನಮ್ಮ ವಕೀಲರ ಸಂಘದ ಕೊಠಡಿಗೆ ಕಾಲಿಟ್ಟರೆ, ಕರಿಕೋಟುಗಳ ಬೆವರಿನ ವಾಸನೆಯ ನಡುವೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ನಾಟಕದವರು ಮೀಸೆ ಅಂಟಿಸಲು ಬಳಸುವ ಗೋಂದಿನದು. ಕಿರಿಯ ವಕೀಲ ಮಂಜುನಾಥ ಕನ್ನಡಿಯ ಮುಂದೆ ಮೇಲ್ದುಟಿ ಒತ್ತಿ ಹಿಡಿದು ನಿಂತಿದ್ದ. ಅಂದು ದರೋಜಿಯಲ್ಲಿ ಕಾನೂನು ಅರಿವು ಶಿಬಿರ. ಅಲ್ಲಿ ಆಡುವ ಕಿರುನಾಟಕದಲ್ಲಿ ಅವನೇ ಕೆಟ್ಟ ಗಂಡ. ನೋಡಿ, ಆ ಪಾತ್ರ ಒಂದು ಕಾಲಕ್ಕೆ ನನ್ನದಾಗಿತ್ತು. ಹೆಂಡತಿಯನ್ನು ಹೊರಗೆ ಹಾಕುವುದರಲ್ಲಿ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯಲ್ಲೇ ನನ್ನನ್ನು ಮೀರಿಸುವವರಿರಲಿಲ್ಲ. ವೇದಿಕೆಯ ಮೇಲೆ ಎಂಬ ಮಾತನ್ನು ದಯವಿಟ್ಟು ಸೇರಿಸಿಕೊಂಡು ಓದಿ.

ಅದಕ್ಕೂ ಮೊದಲು ಶಿಬಿರವೆಂದರೆ ಬರೀ ಭಾಷಣ. ಒಬ್ಬರು ಎದ್ದು ಕಲಂ ಹೇಳುವುದು, ಇನ್ನೊಬ್ಬರು ಎದ್ದು ಉಪಕಲಂ ಹೇಳುವುದು. ಕಂಪ್ಲಿಯಲ್ಲೊಮ್ಮೆ ಭಾಷಣವೆಲ್ಲ ಮುಗಿದು, ನಿಮ್ಮ ಸಂಶಯಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು. ನಮಗೆಲ್ಲ ಸಂಭ್ರಮ. "ಮಿರ್ಚಿ ಬಜ್ಜಿ ಆರಿ ಹೊಂಟಾವ್ರಿ, ಯಾವಾಗ ಕೊಡ್ತೀರಿ?" ಎಂದು ಅವರು ಕೇಳಿದರು. ವಾಪಸು ಬರುವಾಗಲೇ ನಮ್ಮ ಸಂಘದ ಅಧ್ಯಕ್ಷರು ನಾಟಕದ ಮಾತು ತೆಗೆದರು. ಬಯಲಾಟ ನೋಡಿ ಬೆಳೆದ ಜನ, ಆಡಿ ತೋರಿಸಿದರೆ ನೋಡುತ್ತಾರೆ ಎಂಬುದು ಅವರ ವಾದ. ಗಂಡನ ಪಾತ್ರಕ್ಕೆ ಯಾರೂ ಒಪ್ಪದಾಗ ನನ್ನ ಕಡೆ ತಿರುಗಿ, "ನಿನಗ ಒಂದು ಮೀಸಿ ಅಂಟಿಸಿದ್ರ ಸಾಕಲೇ, ನಟನೆ ಬ್ಯಾಡ" ಎಂದುಬಿಟ್ಟರು.

ಕಥೆ ದೊಡ್ಡದೇನಲ್ಲ. ಗಂಡ ಹೆಂಡತಿಯ ಗಂಟುಮೂಟೆಯನ್ನು ಬೀದಿಗೆ ಎಸೆದು, ಮನೆ ನನ್ನ ಹೆಸರಿನಲ್ಲಿದೆ ಎಂದು ಅಬ್ಬರಿಸುತ್ತಾನೆ. ಅವಳು ಕೋರ್ಟಿಗೆ ಹೋಗುತ್ತಾಳೆ. ಮನೆ ಯಾರ ಹೆಸರಿನಲ್ಲೇ ಇರಲಿ, ಬಾಳುವೆ ಮಾಡಿದ ಮನೆಯಿಂದ ಹೆಂಡತಿಯನ್ನು ಹೀಗೆ ಹೊರದಬ್ಬುವಂತಿಲ್ಲ ಎಂದು ನ್ಯಾಯಾಧೀಶರು ತೀರ್ಪು ಕೊಡುತ್ತಾರೆ. ಗಂಡ ತಲೆ ತಗ್ಗಿಸುತ್ತಾನೆ. ಚಪ್ಪಾಳೆ, ಆಮೇಲೆ ಒಗ್ಗರಣೆ ಮಂಡಕ್ಕಿ. ಮಲಪನಗುಡಿಯಲ್ಲಿ ಹೆಂಗಸರು ನನಗೆ ಹಿಡಿಶಾಪ ಹಾಕಿದರು. ಹಂಪಿಯಲ್ಲಿ ಪ್ರವಾಸಿಗರು ಇದೂ ಒಂದು ಜಾನಪದ ಕಲೆಯೆಂದು ತಿಳಿದು ನನ್ನ ಫೋಟೊ ತೆಗೆದುಕೊಂಡರು. ಎರಡಕ್ಕೂ ನಾನು ಒಂದೇ ಸಮನೆ ಉಬ್ಬಿದೆ.

ಮೆಟ್ರಿಯಲ್ಲಿ ಆಡಿದ ದಿನ ತಟ್ಟೆ ಹಂಚುತ್ತಿದ್ದ ಅಜ್ಜಿಯೊಬ್ಬಳು ನನ್ನನ್ನು ಬಿಟ್ಟು ಮುಂದೆ ಹೋದಳು. ನಾನು ವಕೀಲ ಅದೀನಜ್ಜಿ ಎಂದರೆ, "ಗೊತ್ತೈತಿ ಬಿಡಪ್ಪ, ಆದ್ರೂ ನೀಡಾಕ ಮನಸ್ಸು ಬರವಲ್ದು" ಎಂದಳು. ಹಸಿದ ಹೊಟ್ಟೆಯಲ್ಲಿ ಬೇವಿನ ಮರದಡಿ ನಿಂತು ಮೀಸೆ ಕೀಳುತ್ತಿದ್ದೆ. ಆಗ ಒಬ್ಬ ಹೆಣ್ಣುಮಗಳು ನೇರವಾಗಿ ನನ್ನ ಬಳಿ ಬಂದಳು. ನಾಟಿಯ ಗದ್ದೆಯಿಂದಲೇ ಬಂದಿದ್ದಳೆಂದು ಕಾಣುತ್ತದೆ, ಸೀರೆಯ ಅಂಚಿಗೆ ಕೆಸರಿತ್ತು. ಹೆಸರು ಹುಲಿಗೆಮ್ಮ. ನಾಟಕದಲ್ಲಿ ಹೆಂಡತಿಯ ಪರ ವಾದಿಸಿದ್ದ ಸರೋಜಾ ಮೇಡಂ ಅಲ್ಲೇ ಕುರ್ಚಿ ಹಾಕಿಕೊಂಡು ಹೆಂಗಸರಿಗೆ ಸಲಹೆ ಕೊಡುತ್ತಿದ್ದರು. ಅವರನ್ನು ದಾಟಿ ಈಕೆ ನನ್ನ ಹತ್ತಿರವೇ ಏಕೆ ಬಂದಳೆಂದು ನನಗೆ ಕುತೂಹಲವಾಯಿತು.

"ಮುಂದ ಏನಾತ್ರಿ?" ಎಂದಳು.

"ಯಾವುದರ ಮುಂದ?"

"ಕೋರ್ಟಿನ್ಯಾಗ ತಲಿ ತಗ್ಗಿಸಿದ್ರಿ. ಆಕಿ ತಿರುಗಿ ಮನಿಗೆ ಬಂದ್ಳು. ಬಾಗ್ಲ ಹಾಕ್ಕೊಂಡ್ರಿ. ಆಮ್ಯಾಲ ನೀವು ಏನ್ ಮಾಡಿದ್ರಿ?"

"ನಾಟಕ ಅಲ್ಲಿಗೆ ಮುಗೀತಮ್ಮ."

"ನಾಟಕ ಮುಗೀತ್ರಿ. ನಾನು ಹೋಗಬೇಕಾಗಿರೋದು ಅದರ ಮುಂದಕ್ಕ."

ಆಮೇಲೆ ತನ್ನ ಕಥೆ ಹೇಳಿದಳು. ಸಂಡೂರಿನ ಕಡೆಯ ಹಳ್ಳಿಯೊಂದರಲ್ಲಿ ಗಂಡ ಅದಿರು ಲಾರಿ ಓಡಿಸುತ್ತಿದ್ದ. ಹೊಡೆದು ಹೊರಗೆ ಹಾಕಿ, ಸಣ್ಣ ಮಗಳನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿದ್ದ. ಈಕೆ ಮೆಟ್ರಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಆ ಇಕ್ಕಟ್ಟಿನಲ್ಲಿ ಇವಳಿಗೇ ಜಾಗವಿಲ್ಲ, ಇನ್ನು ಮಗಳಿಗೆಲ್ಲಿ? ಮಗಳೊಂದಿಗೆ ಇರಬೇಕೆಂದರೆ ಆ ಮನೆಗೇ ಹೋಗಬೇಕು. ಹೋದರೆ ಬದುಕಿ ಉಳಿಯುತ್ತೇನೆಯೇ ಎಂಬುದು ಅವಳ ಅಂಜಿಕೆ. ಅಷ್ಟರಲ್ಲಿ ಸರೋಜಾ ಮೇಡಂ ಎದ್ದು ಬಂದು ಕಾನೂನಿನ ರಕ್ಷಣೆ, ಪೊಲೀಸರ ನೆರವು ಎಲ್ಲವನ್ನೂ ಚೆನ್ನಾಗಿ ವಿವರಿಸಿದರು. ಹುಲಿಗೆಮ್ಮ ಗಮನವಿಟ್ಟು ಕೇಳಿ, ಮತ್ತೆ ನನ್ನ ಕಡೆಗೇ ತಿರುಗಿದಳು.

"ನೀವು ಹೇಳ್ರಿ. ಆತನ ಬುದ್ಧಿ ನಿಮಗ ತಿಳೀತೈತಿ."

ನಕ್ಕುಬಿಡಬಹುದಿತ್ತು. ಆದರೆ ಆ ಮುಖ ನೋಡಿ ನಗಲು ಆಗಲಿಲ್ಲ. ವಿಚಿತ್ರವೆಂದರೆ, ಯೋಚಿಸಲು ಶುರುಮಾಡಿದ ಕೂಡಲೇ ಎಲ್ಲ ತಾನಾಗಿಯೇ ಬಾಯಿಗೆ ಬಂತು. "ಮಾತು ಬಿಡ್ತೀನಿ. ನೀ ಮಾಡಿದ್ದು ಉಣ್ಣಂಗಿಲ್ಲ. ಕರೆಂಟು ತೆಗೀತೀನಿ. ನೀನ ಬ್ಯಾಸತ್ತು ಹೋಗಬೇಕು, ಹಂಗ ಮಾಡ್ತೀನಿ."

"ಕೈ ಎತ್ತತೀರೇನು?"

"ಯಾರೂ ನೋಡಂಗಿಲ್ಲ ಅಂದ್ರ, ಎತ್ತತೀನಿ."

ಈ ಜ್ಞಾನ ನನಗೆ ಎಲ್ಲಿಂದ ಬಂತೋ ಇಂದಿಗೂ ಗೊತ್ತಿಲ್ಲ. ಗಂಡಸರು ಇದನ್ನು ಯಾವ ಶಾಲೆಯಲ್ಲೂ ಕಲಿಯುವುದಿಲ್ಲ. ಪಡಸಾಲೆಯಲ್ಲಿ ಅಪ್ಪ, ಚಿಕ್ಕಪ್ಪ, ಮಾವಂದಿರ ಮುನಿಸು ನೋಡುತ್ತ ನೋಡುತ್ತ ಪಾಸಾಗಿಬಿಟ್ಟಿರುತ್ತೇವೇನೋ. ಸರೋಜಾ ಮೇಡಂ ನನ್ನ ಹೆಂಡತಿಯ ಕ್ಷೇಮಸಮಾಚಾರ ವಿಚಾರಿಸುವವರ ಹಾಗೆ ನನ್ನನ್ನು ನೋಡಿದರು.

ಹುಲಿಗೆಮ್ಮನಿಗೆ ಮಾತ್ರ ನನ್ನ ಉತ್ತರದಿಂದ ಸಮಾಧಾನವಾದಂತಿತ್ತು. "ಹಂಗಾರ ನನಗ ಬೀದಿ ಕಡೆ ಬಾಗ್ಲ ಇರೋ ಕ್ವಾಣಿ ಕೊಡಸ್ರಿ. ಎದುರಿಗೇ ನೀರಿನ ಟ್ಯಾಂಕು ಐತಿ. ಮುಂಜಾನಿಯಿಂದ ಸಂಜಿತನಕ ಹೆಂಗಸ್ರು ಇರ್ತಾರ" ಎಂದಳು. ಆಮೇಲೆ, "ಕೇಸು ನೀವ ನಡಸ್ರಿ" ಎಂದಳು. ಹೀಗೆ, ಕೆಟ್ಟ ಗಂಡನಾಗಿ ಹೆಸರು ಮಾಡಿದ ನನಗೆ ಹೆಂಡತಿಯ ಪರ ವಕಾಲತ್ತು ಸಿಕ್ಕಿತು.

ಉಚಿತ ಕಾನೂನು ನೆರವಿನಲ್ಲಿ ಅರ್ಜಿ ಹಾಕಿದೆವು. ಬೇರೆ ಕಡೆ ಬಾಡಿಗೆ ಮನೆ ಮಾಡಿಕೊಡುತ್ತೇವೆ, ಮಗು ಮಾತ್ರ ಗಂಡನ ತಾಯಿಯ ಬಳಿಯೇ ಇರಲಿ ಎಂದು ಎದುರು ಪಕ್ಷದವರು ಜಗ್ಗಾಡಿದರು. ಮನೆಯಲ್ಲಿ ಅದೇ ಕೋಣೆ ಏಕೆ ಬೇಕು ಎಂದು ನ್ಯಾಯಾಧೀಶರು ಕೇಳಿದಾಗ ನಾನು ಪುಸ್ತಕ ತಿರುವುತ್ತ ಕಲಂ ಹುಡುಕುತ್ತಿದ್ದೆ. ಹಿಂದಿನಿಂದ ಹುಲಿಗೆಮ್ಮನೇ ಹೇಳಿದಳು: "ಸ್ವಾಮೇರ, ಅಲ್ಲಿ ಕೂಗಿದ್ರ ಮಂದಿಗೆ ಕೇಳಸ್ತೈತಿ."

ನ್ಯಾಯಾಧೀಶರು ಪೆನ್ನು ಎತ್ತಿ ಅದನ್ನೇ ಬರೆದುಕೊಂಡರು. ಮುಂದೆ ಆದೇಶ ಬಂದಾಗ ಬೀದಿ ಕಡೆಯ ಕೋಣೆ ಅವಳದಾಯಿತು, ಮಗಳು ಅವಳ ಜೊತೆ, ನಿಗಾ ಇಡುವಂತೆ ಠಾಣೆಗೂ ಸೂಚನೆ. ನಾವು ಕೈಮುಗಿದು ಬೀಳ್ಕೊಂಡೆವು. ಆದೇಶವಾದ ಮೇಲೆ ಕಕ್ಷಿದಾರರ ಮನೆಗೆ ಹೋಗಿ ವಿಚಾರಿಸುವ ಪದ್ಧತಿ ವಕೀಲರಲ್ಲಿಲ್ಲ. ನಮ್ಮ ನಾಟಕವೂ ಅಲ್ಲಿಗೇ ಮುಗಿಯುತ್ತದೆ.

ಮೊನ್ನೆ ದರೋಜಿಯಲ್ಲಿ ಮಂಜುನಾಥ ಸೊಗಸಾಗಿ ತಲೆ ತಗ್ಗಿಸಿದ. ಚಪ್ಪಾಳೆ ಬಿತ್ತು. ನನಗೇಕೋ ಕೂರಲಾಗಲಿಲ್ಲ. ಇಷ್ಟು ವರ್ಷ ಆ ಹೆಣ್ಣುಮಗಳ ಪ್ರಶ್ನೆಗೆ ಅವಳೇ ಕಂಡುಕೊಂಡ ಉತ್ತರವೇನೆಂದು ನಾನು ಕೇಳಿಯೇ ಇರಲಿಲ್ಲ. ಕಾರನ್ನು ಸಂಡೂರಿನ ದಾರಿಗೆ ತಿರುಗಿಸಿದೆ.

ನೀರಿನ ಟ್ಯಾಂಕು ಹುಡುಕುವುದು ಕಷ್ಟವಾಗಲಿಲ್ಲ. ಎದುರಿನ ಬಾಗಿಲು ತೆರೆದೇ ಇತ್ತು. ಕೂದಲು ಅಲ್ಲಲ್ಲಿ ನರೆತ ಹುಲಿಗೆಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯ, ವಕೀಲರು! ಬರ್ರಿ, ಕುಂದ್ರಿ" ಎಂದು ಚಾಪೆ ಹಾಸಿದಳು. ಮಗಳು ಸಂಡೂರಿಗೆ ಕಾಲೇಜಿಗೆ ಹೋಗಿದ್ದಳು. ಒಲೆಯ ಮೇಲೆ ಚಾ ಇಟ್ಟಳು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ನಾ ಹೇಳಿದಂಗ ಆತೇನು?"

"ಎಲ್ಲಾ ಹಂಗ ಆತ್ರಿ. ಮಾತು ಬಿಟ್ಟ. ನಾ ಮಾಡಿದ್ದು ಉಣಲಿಲ್ಲ. ಕರೆಂಟು ತೆಗೆದ. ಒಂದಿನ ಕೈನೂ ಎತ್ತಿದ. ನಾ ಬಾಗ್ಲಾಗ ಬಂದು ನಿಂತೆ. ಹೆಂಗಸ್ರೆಲ್ಲ ಕೊಡ ಇಳಿಸಿ ಈ ಕಡೆ ನೋಡಿದ್ರು. ಎತ್ತಿದ ಕೈಲೆ ತಲಿ ಕೆರ್ಕೊಂತ ಹೋದ." ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ಆಮ್ಯಾಲ?"

ಉತ್ತರ ಬರುವ ಮೊದಲೇ ಬಾಗಿಲಲ್ಲಿ ನೆರಳು ಬಿತ್ತು. ಕೋರ್ಟಿನಲ್ಲಿ ಕಂಡಿದ್ದ ಅವಳ ಗಂಡ, ಈಗ ಸ್ವಲ್ಪ ಬಾಗಿದ್ದ. ಆ ಕೋಣೆಗೆ ಮನೆಯೊಳಗಿನಿಂದಲೂ ಒಂದು ಬಾಗಿಲಿತ್ತು. ಅದಕ್ಕೆ ಇವಳ ಕಡೆಯಿಂದ ಚಿಲಕ ಹಾಕಿತ್ತು. ಅವನು ಬೀದಿ ಸುತ್ತಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲ ಆಚೆಯೇ ನಿಂತ.

"ಊಟಕ್ಕ ಬರ್ಲೇನು?" ಎಂದ.

ಹುಲಿಗೆಮ್ಮ ತಿರುಗಿ ನೋಡಲಿಲ್ಲ. ನನ್ನ ಲೋಟಕ್ಕೆ ಚಾ ಸೋಸಿ ಮುಗಿಸಿದಳು, ಪಾತ್ರೆ ಕೆಳಗಿಟ್ಟಳು, ಸೆರಗಿನಿಂದ ಕೈ ಒರೆಸಿಕೊಂಡಳು. ಬಾಗಿಲಲ್ಲಿ ನಿಂತವನ ಜೊತೆ ನಾನೂ ಕಾದೆ.

"ಹೂಂ, ಬರ್ರಿ" ಎಂದಳು.