ಕಣ್ಣಿಗೆ ಬಿದ್ದ ಸುಣ್ಣ

ನಾನು ತಿಕೋಟಾದವಳು. ಅಪ್ಪನದು ಅಲ್ಲಿ ಕಿರಾಣಿ ಅಂಗಡಿ. ಊರಿನ ಸಾಲಿ ಮುಗಿದ ಮೇಲೆ ಅಪ್ಪ ನನ್ನನ್ನು ವಿಜಾಪುರಕ್ಕೆ, ಸೋದರಮಾವನ ಮನೆಗೆ ಕಳಿಸಿದ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಅವರ ಮನೆ. ಹುಡುಗಿಯರ ಸಾಲಿಯಲ್ಲಿ ಆಗ ವಿಜ್ಞಾನ ಇರಲಿಲ್ಲ, ಹೊಲಿಗೆ ಇತ್ತು. ನಾನು ಹಟ ಹಿಡಿದು ಹುಡುಗರ ಹೈಸ್ಕೂಲಿಗೆ ಸೇರಿದೆ. ಇಡೀ ತರಗತಿಗೆ ನಾವು ಇಬ್ಬರೇ ಹುಡುಗಿಯರು.

ರಸಾಯನಶಾಸ್ತ್ರದ ಮಾಸ್ತರರ ಧೋತರದ ತುಂಬ ಆಸಿಡ್ ಸಿಡಿದ ಸಣ್ಣ ಸಣ್ಣ ತೂತುಗಳಿದ್ದವು. ಅವರು ಲಿಟ್ಮಸ್ ಕಾಗದ ಹಂಚಿ, ಮನೆಯಿಂದ ಏನು ಬೇಕಾದರೂ ತನ್ನಿ ಅನ್ನುತ್ತಿದ್ದರು. ನಾನು ಹುಣಸೆ ನೀರು, ಮಜ್ಜಿಗೆ, ಒಲೆಯಲ್ಲಿ ಉರಿದ ಕುಳ್ಳಿನ ಬೂದಿ ಒಯ್ದಿದ್ದೆ. ಹುಣಸೆಯಲ್ಲಿ ನೀಲಿ ಕಾಗದ ಕೆಂಪಾಯಿತು. ಬೂದಿಯ ತಿಳಿನೀರಿನಲ್ಲಿ ಅದ್ದಿದರೆ ಕೆಂಪು ತಿರುಗಿ ನೀಲಿಯಾಯಿತು. ದಿನಾ ಕಾಣುವ ಬೂದಿಗೆ ಇಂಥದೊಂದು ಸ್ವಭಾವ ಇದೆಯಲ್ಲ ಎಂದು ಅವತ್ತು ನನಗೆ ಊಟ ಸೇರಲಿಲ್ಲ.

ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ಲವಣ ಮತ್ತು ನೀರು ಎಂದು ಹೇಳಿಕೊಟ್ಟ ದಿನ ನಾನು ಎದ್ದು ನಿಂತು ಕೇಳಿದೆ: "ಸರ್, ಮೈಮ್ಯಾಲ ಸುಣ್ಣ ಸಿಡಿದ್ರ ಲಿಂಬಿಹುಳಿ ಹಿಂಡಿದ್ರ ಸರಿ ಆಗ್ತೈತೇನ್ರಿ?"

ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ.

"ಎರಡೂ ಕೂಡಿದಾಗ ಬಿಸಿ ಹುಟ್ತೈತಿ. ಪಿಂಗಾಣಿ ಬಟ್ಟಲಕ್ಕ ಅದು ತಡೀತೈತಿ, ಚರ್ಮಕ್ಕ ತಡ್ಯಾಂಗಿಲ್ಲ. ಅದರಾಗೂ ಕಣ್ಣಿಗೆ ಬಿದ್ರ ಹುಳಿಗಿಳಿ ಏನೂ ಹಾಕಬ್ಯಾಡ. ನೀರು. ಸಾಕು ಅನಿಸಿದ ಮ್ಯಾಲೂ ನೀರು ಹಾಕ್ಕೋತ ಇರಬೇಕು."

ಮ್ಯಾಟ್ರಿಕ್ ವರ್ಷದ ನಡುವೆ ನನ್ನ ಮದುವೆಯಾಯಿತು. ಬಬಲೇಶ್ವರದ ಒಳ್ಳೆಯ ಮನೆತನ, ಹೊಲಮನೆ, ಹತ್ತಿ ವ್ಯಾಪಾರ. ಪರೀಕ್ಷೆಗೆ ಕೂಡಿಸಬೇಕು ಎಂದು ಅಪ್ಪ ಮಾತುಕತೆಯ ದಿನವೇ ಕೇಳಿದ್ದ. "ಅದಕ್ಕೇನ್ರಿ, ಬರೀಲಿ," ಎಂದು ಗಂಡನ ತಂದೆ, ಮಾವನವರು, ಎಲ್ಲರ ಮುಂದೆ ಒಪ್ಪಿದ್ದರು.

ಆ ಮನೆಯ ಸೊಸೆಯರು ಬಾವಿಗೂ ಹೋಗುತ್ತಿರಲಿಲ್ಲ. ನೀರು ಆಳು ತರುತ್ತಿದ್ದ. ನಮ್ಮ ತಿರುಗಾಟವೆಲ್ಲ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಅಡುಗೆಮನೆಗೆ. ಅಡುಗೆಮನೆಗೆ ಇದ್ದ ಒಂದೇ ಬೆಳಕಿಂಡಿ ಚಾವಣಿಯಲ್ಲಿತ್ತು. ಅದರಿಂದ ಬೀಳುವ ಬಿಸಿಲು ಎಲ್ಲಿಗೆ ಸರಿಯಿತು ಎಂದು ನೋಡಿ ಹೊತ್ತು ಗೊತ್ತು ಮಾಡಿಕೊಳ್ಳುತ್ತಿದ್ದೆ. ಮಾವನವರ ಮುಂದೆ ಮಾತಾಡುವಂತಿರಲಿಲ್ಲ. ಏನಾದರೂ ಬೇಕಿದ್ದರೆ ನೆಗೆಣ್ಣಿಗೆ, ಅಂದರೆ ಭಾವನ ಹೆಂಡತಿಗೆ ಹೇಳಬೇಕು; ಅವಳು ಅತ್ತೆಗೆ ಹೇಳಬೇಕು. ಪರೀಕ್ಷೆಯ ಮಾತು ಹೀಗೆ ನನ್ನಿಂದ ಹೊರಟು ಅತ್ತೆಯ ತನಕ ಹೋಯಿತು, ಅಲ್ಲೇ ನಿಂತಿತು. ರೊಟ್ಟಿ ಬಡಿಯುತ್ತ ನಾನು ಸೂತ್ರಗಳನ್ನು ಬಾಯಿಪಾಠ ಹೇಳಿಕೊಳ್ಳುತ್ತಿದ್ದೆ. "ಏನ ವಟಗುಟ್ಟತಿಯವಾ, ಮಂತ್ರ ಏನು?" ಎಂದು ನೆಗೆಣ್ಣಿ ಕೇಳುತ್ತಿದ್ದಳು. ಪರೀಕ್ಷೆಯ ದಿನಗಳು ಬಂದವು, ಹೋದವು. ಅವು ಮುಗಿದ ವಾರವೇ ನಾನು ಬಸಿರು ಎಂದು ಗೊತ್ತಾಯಿತು. ಹೊಟ್ಟೆಯಲ್ಲಿ ಕೂಸಿದೆ ಎಂದು ಎಲ್ಲರೂ ನಗುತ್ತಿದ್ದಾಗ ನನಗೆ ಮಾತ್ರ ಯಾರೋ ಹೊರಗಿನಿಂದ ಇನ್ನೊಂದು ಅಗಳಿ ಹಾಕಿದ ಹಾಗೆ ಅನಿಸಿತು. ಆ ಕೂಸು ಉಳಿಯಲಿಲ್ಲ.

ಅದೇ ವರ್ಷ ದೀಪಾವಳಿಗೆ ಮನೆಗೆ ಸುಣ್ಣ ಬಳಿಯಬೇಕಿತ್ತು. ಹಿತ್ತಲ ಬಾನಿಯಲ್ಲಿ ಸುಣ್ಣದ ಹರಳು ತುಂಬಿ ಆಳು ನೀರು ಹೊಯ್ದ. ಹರಳು ಬಿರಿದು ಕೊತಕೊತ ಕುದಿಯತೊಡಗಿತು. ಅವನು ಇನ್ನಷ್ಟು ನೀರು ತರಲು ಬಾವಿಗೆ ಹೋದ. ನೆಗೆಣ್ಣಿಯ ಮಗಳು ಆಗಿನ್ನೂ ತೊದಲು ಮಾತಿನ ಕೂಸು. ಕುದಿಯುವುದನ್ನು ನೋಡಿ ಖುಷಿಯಾಗಿ ಒಂದು ಕಲ್ಲು ಎತ್ತಿ ಬಾನಿಗೆ ಒಗೆದಳು.

ಚೀರಿದ ಸದ್ದಿಗೆ ನಾವು ಓಡಿ ಬಂದೆವು. ಕೂಸು ಎರಡೂ ಕೈಯಿಂದ ಮುಖ ತಿಕ್ಕಿಕೊಳ್ಳುತ್ತಿತ್ತು. ಒಂದು ಕಣ್ಣಿನ ರೆಪ್ಪೆ ಬೆಳ್ಳಗೆ ಮೆತ್ತಿಕೊಂಡಿತ್ತು. ನೆಗೆಣ್ಣಿ ಅಲ್ಲೇ ಕುಸಿದು ಕುಳಿತಳು. ಪಡಸಾಲೆಯಿಂದ ಮಾವನವರು ಬಂದರು. ಅತ್ತೆ ಒಳಗೆ ಹೋಗಿ ಹುಣಸೆಹಣ್ಣು ಕಿವುಚಿದ ಬಟ್ಟಲು ಹಿಡಿದುಕೊಂಡು ಬಂದರು.

"ಹುಳಿ ಬಿಟ್ರ ಸುಣ್ಣ ಸಾಯ್ತೈತಿ. ಕೂಸಿನ ಕೈ ಹಿಡೀರಿ," ಎಂದರು.

ನಾನು ಬಟ್ಟಲಿಗೆ ಅಡ್ಡ ಕೈ ಹಿಡಿದೆ. "ಬ್ಯಾಡ್ರಿ ಅತ್ತಿ. ಹುಳಿ ಹಾಕಿದ್ರ ಇನ್ನೂ ಸುಡ್ತೈತ್ರಿ. ನೀರು ಹಾಕಬೇಕು."

ಮಾವನವರ ಮುಂದೆ ನನ್ನ ದನಿ ಹೊರಬಿದ್ದಿದ್ದು ಅದೇ ಮೊದಲು. ಅವರು ನನ್ನತ್ತ ನೋಡಿದರು. ಅತ್ತೆ ಕೈ ತೆಗೆ ಅಂದರು. ನಾನು ತೆಗೆಯಲಿಲ್ಲ. ಬಟ್ಟಲು ಜಾರಿ ಬಿತ್ತೋ, ನಾನೇ ಕೆಡವಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೂಸನ್ನು ಎತ್ತಿ ಜಗಲಿಯ ಮೇಲೆ ಮಲಗಿಸಿ, ತಲೆ ಓರೆ ಮಾಡಿ, ಒದ್ದೆ ಸೆರಗಿನ ತುದಿಯಿಂದ ರೆಪ್ಪೆಗೆ ಅಂಟಿದ್ದ ಸುಣ್ಣ ಒರೆಸಿ ತೆಗೆದೆ. ಒಳಗಿನ ಕುಡಿಯುವ ನೀರಿನ ಕೊಡ ತರಿಸಿ ತಂಬಿಗೆಯಿಂದ ಸುರಿಯತೊಡಗಿದೆ. ನೆಗೆಣ್ಣಿಗೆ ಹೇಳಿದೆ: "ಅಕ್ಕಾ, ರೆಪ್ಪಿ ತೆರೆದು ಹಿಡಿ. ಅಳ್ತೈತಿ ಅಂತ ಬಿಡಬ್ಯಾಡ."

ಅವಳು ಅಳುತ್ತಲೇ ಹಿಡಿದಳು. ಒಂದು ಕೊಡ ಮುಗಿಯಿತು, ಇನ್ನೊಂದೂ ಮುಗಿಯಿತು. "ಸಾಕು ಬಿಡವಾ, ಕೂಸು ನಡಗಾಕತ್ತೈತಿ. ಕುಡ್ಯಾಕ ನೀರಿಲ್ಲ ಮನ್ಯಾಗ," ಎಂದರು ಅತ್ತೆ. ನನಗೂ ಸಾಕು ಅನಿಸುತ್ತಿತ್ತು. ಆದರೆ ಮಾಸ್ತರರು ಸಾಕು ಅನಿಸಿದ ಮೇಲೂ ಎಂದು ಹೇಳಿದ್ದರು. ಆಗ ಮಾವನವರು ಬಾವಿಯಿಂದ ತಿರುಗಿ ಬಂದಿದ್ದ ಆಳಿಗೆ, "ಓಡಿ ಹೋಗಿ ತುಂಬಿಕೊಂಡು ಬಾ," ಎಂದರು. ಅವನು ತರುತ್ತ ಹೋದ, ನಾನು ಹಾಕುತ್ತ ಹೋದೆ. ಕೂಸನ್ನು ಆಸ್ಪತ್ರೆಗೆ ಒಯ್ಯಲು ವಿಜಾಪುರದ ಬಸ್ಸು ಬರುವತನಕ ಹಾಕಿದೆ. ಬಸ್ಸಿನಲ್ಲೂ ಭಾವ ತಂಬಿಗೆ ಹಿಡಿದುಕೊಂಡೇ ಕುಳಿತಿದ್ದರಂತೆ. ನನ್ನನ್ನು ಜೊತೆಗೆ ಕರೆದೊಯ್ಯಲಿಲ್ಲ.

ಸಂಜೆ ಭಾವ, ನೆಗೆಣ್ಣಿ ಕೂಸಿನೊಂದಿಗೆ ತಿರುಗಿ ಬಂದರು. ಕಣ್ಣು ಉಳಿಯುತ್ತದೆ, ಒಂದು ಬಿಳಿ ಚುಕ್ಕಿ ಉಳಿದರೂ ಉಳಿಯಬಹುದು ಎಂದಿದ್ದರು ಡಾಕ್ಟರು. ಕಣ್ಣು ತೊಳೆದವರು ಯಾರು ಎಂದು ಕೇಳಿದ್ದರಂತೆ. ನೆಗೆಣ್ಣಿ ನನ್ನ ಕೈ ಹಿಡಿದು ಕುಳಿತಳು. ಅವತ್ತು ಅತ್ತೆ ತಾವೇ ನನಗೆ ಬಡಿಸಿದರು.

ಆ ಊಟ ಮಾಡುವಾಗ ನನಗೊಂದು ಆಸೆ ಮೂಡಿತು. ಇನ್ನು ಇವರು ನನ್ನ ಮಾತು ಕೇಳುತ್ತಾರೆ ಅಂದುಕೊಂಡೆ. ಅಪ್ಪನಿಗೆ ಹೇಳಿ ಕಳಿಸಿದೆ. ದೀಪಾವಳಿ ಮುಗಿದ ಮೇಲೆ ಅಪ್ಪ ತಿಕೋಟಾದಿಂದ ಬಂದ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ಬರೋ ವರ್ಷದ ಪರೀಕ್ಷಾಕ್ಕ ಮಗಳನ್ನ ಕರಕೊಂಡು ಹೋಗ್ತೀನ್ರಿ. ನಾಕು ತಿಂಗಳು ವಿಜಾಪುರದಾಗ ಇರ್ತಾಳ, ಮತ್ತ ಬರ್ತಾಳ," ಎಂದ ಅಪ್ಪ.

ಮಾವನವರು ಸಿಟ್ಟಾಗಲಿಲ್ಲ. ಬಹಳ ಪ್ರೀತಿಯಿಂದಲೇ ಹೇಳಿದರು. "ನಿಮ್ಮ ಮಗಳು ನಮ್ಮ ಮನಿ ಕೂಸಿನ ಕಣ್ಣು ಉಳಿಸ್ಯಾಳ್ರಿ. ಇಂಥಾ ಸೊಸೀನ ನಾಕು ತಿಂಗಳು ಹೆಂಗ ಬಿಡೂದು? ಇಕಿ ಇಲ್ಲದ ಮನಿ ನಡೀತೈತೇನು?"

ಅತ್ತೆಯೂ ಹೌದೆಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿ ನಾನು ಬೇಕಾಗಿದ್ದೆ. ಬೈದಿದ್ದರೆ ನಾನು ಜಗಳ ಮಾಡಬಹುದಿತ್ತು. ಹೊಗಳಿದ್ದಕ್ಕೆ ಏನು ಮಾಡುವುದು? ಅಪ್ಪ ಚಹಾ ಕುಡಿದು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಹೊರಟ. ಹಿತ್ತಲಿಗೆ ಬಂದು ನನ್ನ ಮುಖ ನೋಡಿ, "ತಡಕೋ ಮಗಳ," ಎಂದಷ್ಟೇ ಅಂದ. ಅಂದಿನಿಂದ ಓಣಿಯಲ್ಲಿ ಯಾರಿಗೆ ಸುಟ್ಟರೂ, ಕಣ್ಣಿಗೆ ಏನು ಬಿದ್ದರೂ ನಮ್ಮ ಹಿತ್ತಲಿಗೆ ಕರೆತರುತ್ತಿದ್ದರು. ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಇಬ್ಬರು ಮಕ್ಕಳಾದ ಮೇಲೆ ಒಂದು ದಿನ ಗಂಡ, ಮೊದಲೇ ಕಡಿಮೆ ಮಾತಿನ ಮನುಷ್ಯ, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಬಹುದಂತೆ ಎಂದು ತಿಳಿದುಕೊಂಡು ಬಂದ. "ಆದ್ರ ವಿಜ್ಞಾನ ತಗೊಳ್ಳಾಕ ಬರಾಂಗಿಲ್ಲಂತ. ಪ್ರಯೋಗ ಮಾಡಿರಬೇಕಂತ. ಬ್ಯಾರೆ ವಿಷಯ ತಗೋತಿಯೇನು?"

ತಗೋತೀನಿ ಅಂದೆ. ಮಕ್ಕಳು ಮಲಗಿದ ಮಧ್ಯಾಹ್ನಗಳಲ್ಲಿ ಚರಿತ್ರೆ, ಭೂಗೋಳ ಓದಿದೆ. ವಿಜಾಪುರಕ್ಕೆ ಹೋಗಿ ಪರೀಕ್ಷೆ ಬರೆದೆ, ಪಾಸೂ ಆದೆ. ಸಾಲಿಯಲ್ಲಿ ಕಲಿಸುವ ನೌಕರಿಗೆ ಮಾವನವರು ಒಪ್ಪಲಿಲ್ಲ. ಪ್ರತಿ ವರ್ಷ ಸಾಲಿ ಶುರುವಾಗುವ ಮುಂಚೆ ನಾನು ಕೇಳುತ್ತಿದ್ದೆ, ಈಗ ನೆಗೆಣ್ಣಿಯ ಮೂಲಕವಲ್ಲ, ನಾನೇ. ಅವರು ತಲೆ ಅಲ್ಲಾಡಿಸುತ್ತಿದ್ದರು. ಅವರು ತೀರಿಕೊಂಡ ಮೇಲಿನ ವರ್ಷ ಕೇಳಿದಾಗ ಅತ್ತೆ ನನ್ನ ಗಂಡನ ಮುಖ ನೋಡಿದರು. ಅವನು "ಹೋಗಲಿ ಬಿಡವ್ವಾ," ಎಂದ. ಬಬಲೇಶ್ವರದ ಹೆಣ್ಣುಮಕ್ಕಳ ಸಾಲಿಯಲ್ಲಿ ಒಂದನೆಯ ತರಗತಿಗೆ ನಾನು ಪಾಠ ಹೇಳುವ ಅಕ್ಕೋರಾದೆ. ಮೊದಲ ದಿನ ಮನೆಯಿಂದ ಸಾಲಿಗೆ ಹೋಗುವ ದಾರಿ ನನಗೆ ಗೊತ್ತಿರಲಿಲ್ಲ, ನನ್ನ ಹಿರಿ ಮಗ ಕೈ ಹಿಡಿದು ಕರೆದುಕೊಂಡು ಹೋದ.