ಮಾಜಿ ಅಧ್ಯಕ್ಷೆಯ ಗಂಡ

ಕಮಳಾಬಾಯಿ ಪಂಚಾಯತಿ ಅಧ್ಯಕ್ಷೆಯಾಗಿದ್ದಾಗ ಏನೂ ಕೆಲಸ ಆಗಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಅದನ್ನು ಹುಟ್ಟಿಸಿದವನು ಮಾತ್ರ ಆಕೆಯ ಗಂಡ ಉತ್ತಮನೇ. ಹುಮನಾಬಾದ್ ಬಸ್ಸು ನಿಲ್ಲುವ ಕಡೆ ಚಹಾದಂಗಡಿಯಲ್ಲಿ ಕೂತು, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ನಾಲ್ಕು ಜನರೆದುರು ಅಂದಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹದಿನೆಂಟು ವರ್ಷವಾದರೂ ಊರು ಅದನ್ನು ಬಿಟ್ಟಿರಲಿಲ್ಲ.

ಈಗ ಪಂಚಾಯತಿ ಗ್ರಂಥಾಲಯದ ಧನಶ್ರೀ ಹಳೆಯ ಅಧ್ಯಕ್ಷರ ಹೆಸರುಗಳನ್ನೆಲ್ಲ ಗೋಡೆಯ ಮೇಲೆ ಬರೆಸಲು ಹೊರಟಿದ್ದಳು. ಪ್ರತಿ ಹೆಸರಿನ ಮುಂದೆ ಎರಡು ಕಾಲಂ: ಊರೊಳಗೆ ಮಾಡಿದ್ದು, ಪರಊರಿನವರ ಜೊತೆ ಮಾಡಿದ್ದು. ಒಬ್ಬರು ಕಮಾನು ಕಟ್ಟಿಸಿದ್ದರು, ಇನ್ನೊಬ್ಬರು ಅದೇ ಕಮಾನಿಗೆ ಬಣ್ಣ ಹಚ್ಚಿಸಿ ತಮ್ಮ ಹೆಸರು ಬರೆಸಿದ್ದರು. ಕಮಳಾಬಾಯಿಯ ಮುಂದೆ ಎರಡೂ ಖಾಲಿ.

"ಆಯಿಗೆ ಕೇಳಿದ್ರ, ಖಾಲಿನೇ ಇರ್ಲಿ ಬಿಡವ್ವ ಅಂತಾಳ," ಧನಶ್ರೀ ಉತ್ತಮನಿಗೆ ಅಂದಳು. "ನೀವರ ಹೇಳ್ರಿ ಮುತ್ಯಾ. ಶುಕ್ರವಾರ ಪೇಂಟರ್ ಬರ್ತಾನ."

ಉತ್ತಮ ಹಳೆಯದನ್ನು ನೆನೆಸಿಕೊಳ್ಳತೊಡಗಿದ. ಆಗಿನ ಕಾಲಕ್ಕೆ ಹೆಂಡತಿಯ ಕುರ್ಚಿಯ ಪಕ್ಕ ತನ್ನದೂ ಒಂದು ಕುರ್ಚಿ ಹಾಕಿಸಿಕೊಂಡು, ಆಕೆಗೆ ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುತ್ತಿದ್ದ ಮಹಾಶಯ ಅವನು. ಟಾಕಿಯಲ್ಲಿ ನೀರು ಕಡಿಮೆಯಾಗಿ, ಯಾವ ಓಣಿಗೆ ಮೊದಲು ಬಿಡಬೇಕೆಂಬ ಮಾತು ಬಂದಾಗ, "ಗೌಡರ ಓಣಿಗೇ ಮೊದಲ ಬಿಡ್ರಿ" ಅಂದುಬಿಟ್ಟ. ಕಮಳಾಬಾಯಿ ತಿರುಗಿ ನೋಡಿದಳು. "ನೀವು ಹೊರಗ ಕಟ್ಟಿ ಮ್ಯಾಲ ಕುಂದರ್ರಿ. ಆರಿಸಿ ಬಂದಾಕಿ ನಾನು."

ಅವನು ಕಟ್ಟೆಯ ಮೇಲೂ ಕೂರಲಿಲ್ಲ, ನೆಟ್ಟಗೆ ಮನೆಗೆ ಹೋದ. ಎರಡು ತಿಂಗಳು ಹೆಂಡತಿಯ ಜೊತೆ ಮಾತು ಬಿಟ್ಟ. ಆ ದಿನ ಆಕೆ ಮಾಡಿದ ನೇಮ, ದಿನಕ್ಕೊಂದು ಓಣಿಗೆ ಮೊದಲ ಪಾಳಿ, ಇಂದಿಗೂ ನಡೆದಿದೆ. ಇವತ್ತು ಯಾರ ಪಾಳಿ ಎಂದು ದಿನಾ ಕೇಳುವ ಊರು, ಪಾಳಿ ಹಾಕಿದವಳನ್ನು ಮರೆತಿತ್ತು.

ಮೊದಲ ಕಾಲಂ ಹಾಗೆ ತುಂಬಿತು. ಎರಡನೆಯದಕ್ಕೆ ಅವನಿಗೆ ಹೊಳೆದದ್ದು ಹಳ್ಳದ ಜಗಳ ಒಂದೇ. ಆಚೆ ಊರಿನ ವೈಜಿನಾಥ ಹಳ್ಳಕ್ಕೆ ಅಡ್ಡ ಕಟ್ಟಿದ ಬಂದಾರಕ್ಕೆ ಹಲಗೆ ಹಾಕಿ ಇವರಿಗೆ ಬರುವ ನೀರು ತಡೆದಿದ್ದ. ಆಕೆಯ ಕಾಲದಲ್ಲೇ ಆ ಹಲಗೆ ಎದ್ದಿತ್ತು. ಸಾಹೇಬರು ಯಾರೋ ಬಂದು ತೆಗೆಸಿರಬೇಕು ಎಂದು ಉತ್ತಮ ತಿಳಿದಿದ್ದ. ಕೇಳಿಯೇ ಬಿಡೋಣವೆಂದು ಹಳ್ಳ ದಾಟಿ ಹೋದ.

ವೈಜಿನಾಥ ನಕ್ಕ. "ಯಾವ ಸಾಹೇಬ? ಎಳ್ಳ ಅಮಾಸಿ ದಿನ ನಿನ್ನ ಹೆಂಡ್ತಿ ತಲಿ ಮ್ಯಾಲ ಕಾಳು-ಪಲ್ಯದ ಬಜ್ಜಿ ಗಡಿಗಿ ಹೊತ್ತು ಒಬ್ಬಾಕಿನೇ ನಮ್ಮ ಹೊಲಕ್ಕ ಬಂದಳು. ಆ ದಿನ ಹೊಲಕ್ಕ ಬಂದವ್ರಿಗೆ ಊಟ ಇಲ್ಲ ಅನ್ನಂಗಿಲ್ಲಲ್ಲ. ನಮ್ಮಾಕಿ ದೂರ, ಬದುವಿನ ಮ್ಯಾಲ ಎಲಿ ಹಾಕಿದಳು. ಜಾತಿ ಮಾತು, ನಿನಗ ಹೇಳಬೇಕೇನು? ಆಕಿ ಅಲ್ಲೇ ಕುಂತು ಉಂಡಳು. ಉಂಡು, ತನ್ನ ಗಡಿಗಿ ನಮ್ಮ ನಡುವ ತಂದಿಟ್ಟಳು. ನಿಮ್ಮದು ನಾ ಉಂಡೆ, ಈಗ ನಮ್ಮ ಬಜ್ಜಿ ನೀವು ಉಣ್ರಿ ಅಂದಳು. ಯಾರೂ ಕೈ ಹಾಕಲಿಲ್ಲ. ಆಕಿನೂ ಏಳಲಿಲ್ಲ. ಕಡಿಗಿ ನಮ್ಮವ್ವ, ಅಮಾಸಿ ದಿನ ತುಂಬಿದ ಗಡಿಗಿ ಹಂಗೇ ಹೊಳ್ಳಿ ಹೋಗಬಾರದು ಅಂತ ಕೈ ಚಾಚಿದಳು. ಆಕಿ ಹಿಂದ ನಾನು. ನೀರಿನ ಮಾತ ಆಕಿ ಒಂದೂ ಆಡಲಿಲ್ಲ ನೋಡು. ಆದ್ರ ಉಪ್ಪ ಉಂಡ ಮ್ಯಾಲ ನೀರ ಹ್ಯಾಂಗ ಹಿಡೀಲಿ? ಮರುದಿನ ಹಲಗಿ ತೆಗೆದೆ."

ಆ ಅಮಾವಾಸ್ಯೆಯ ಬೆಳಿಗ್ಗೆ "ಬರ್ತೀರೇನ್ರಿ?" ಎಂದು ಆಕೆ ಬಾಗಿಲಲ್ಲಿ ನಿಂತು ಕೇಳಿದ್ದು ಉತ್ತಮನಿಗೆ ನೆನಪಾಯಿತು. ಅವನು ಗೋಡೆಯ ಕಡೆ ಹೊರಳಿ ಮಲಗಿದ್ದ. ದಾರಿಯುದ್ದಕ್ಕೂ ಆ ಗೋಡೆಯೇ ಅವನ ಕಣ್ಣ ಮುಂದಿತ್ತು.

ಮನೆಯಲ್ಲಿ ಕಮಳಾಬಾಯಿ ಜೋಳ ಹಸನು ಮಾಡುತ್ತಿದ್ದಳು.

"ಯಾಕ ಹೇಳಲಿಲ್ಲ ನನಗ?"

"ನೀವು ಕೇಳಿದ್ರೇನ್ರಿ?" ಅಂದಳು. ಸಿಟ್ಟಿನಿಂದಲ್ಲ. ಮೊರ ಬದಿಗಿಟ್ಟು ಅವನಿಗೆ ನೀರು ತಂದುಕೊಟ್ಟಳು.

ಶುಕ್ರವಾರ ಉತ್ತಮ ಎರಡೂ ಕಾಲಂ ಹೇಳಿ ಬರೆಸಿದ. ಸಂಜೆ ಧನಶ್ರೀ ಇಬ್ಬರನ್ನೂ ನೋಡಲು ಕರೆದಳು. ಪಂಚಾಯತಿಯ ಬಾಗಿಲವರೆಗೆ ಬಂದವನು ಹೊರಗೆ ಬೇವಿನ ಮರದ ಕಟ್ಟೆಯ ಹತ್ತಿರ ನಿಂತುಬಿಟ್ಟ.

"ಒಳಗ ಬರ್ರಿ," ಅಂದಳು ಕಮಳಾಬಾಯಿ.

"ಇಲ್ಲ. ಅವತ್ತ ನೀ ಇಲ್ಲೇ ಕುಂದರ್ರಿ ಅಂದಿದ್ದಿ. ನಾ ಕೂಡಲಿಲ್ಲ, ತಪ್ಪಾತು. ಇವತ್ತ ಕುಂದರತೀನಿ. ನೀ ಹೋಗಿ ಆರಾಮ ನೋಡಿ ಬಾ."

ಅವನು ಕಟ್ಟೆಯ ಮೇಲೆ ಕೂತ. ಒಳಗೆ ಕಮಳಾಬಾಯಿ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರಿನ ಮುಂದಿನ ಸಾಲುಗಳನ್ನು ಗಟ್ಟಿಯಾಗಿ ಓದತೊಡಗಿದಳು. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಉತ್ತಮ ಏಳಲಿಲ್ಲ.